ಮದುವೆಗೆ ಸರ್ಕಾರದ ಅಪ್ಪಣೆ

ಸೇವೆಯಲ್ಲಿರುವ ಮಹಿಳೆ ಮದುವೆಯಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು. ಮದುವೆಯ ನಂತರ ಯಾವಾಗಲೇ ಆಗಲಿ, ಆಕೆಯ ಸಂಸಾರದ ಮತ್ತು ಮನೆಯ ಹೊಣೆಗಳು ಕರ್ತವ್ಯ ನಿರ್ವಹಣೆಗೆ ಅಡ್ಡಿ ಬರುವ ಸಂಭವವಿದೆಯೆಂದು ಸರ್ಕಾರಕ್ಕೆ ಮನವರಿಕೆಯಾದಲ್ಲಿ, ರಾಜೀನಾಮೆ ಕೊಡುವಂತೆ ಆಕೆಗೆ ಸೂಚಿಸಬಹುದು.

ಇದು ರಾಜಮಹಾರಾಜರ ಕಾಲದ ಕಟ್ಟಳೆಯೇನಲ್ಲ. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವೆಂದು ಸಂವಿಧಾನ ಸಾರಿ ಹನ್ನೊಂದು ವರ್ಷವಾದ ಮೇಲೆ, 1961ರಲ್ಲಿ, ಭಾರತ ಸರ್ಕಾರವೇ ತನ್ನ ವಿದೇಶಾಂಗ ಸೇವೆಯ ಅಧಿಕಾರಿಗಳಿಗಾಗಿ ಬರೆದ ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ ಇದು 8(2)ನೆಯದು. ಅದೇ ವರ್ಷದ ನೇಮಕಾತಿ ನಿಯಮಗಳಲ್ಲಿ 18ನೆಯದು ಇನ್ನೂ ನೇರವಾಗಿತ್ತು. ಮದುವೆಯಾದ ಹೆಂಗಸು ಈ ಸೇವೆಗೆ ನೇಮಕವಾಗುವುದನ್ನು ತನ್ನ ಹಕ್ಕೆಂದು ಕೇಳುವಂತಿಲ್ಲ ಎಂದು ಅದು ಹೇಳುತ್ತಿತ್ತು. ಮನೆವಾರ್ತೆಯ ಕಾರಣಕ್ಕೆ ರಾಜೀನಾಮೆ ಕೇಳುವ ಮಾತು ಪುರುಷ ಅಧಿಕಾರಿಗಳ ವಿಷಯದಲ್ಲಿ ಎಲ್ಲೂ ಬರುವುದಿಲ್ಲ. ಅವರಿಗೂ ಮನೆ ಇತ್ತು, ಮಕ್ಕಳಿದ್ದರು. ಆದರೆ ಅದನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆಂದು ನಿಯಮ ಬರೆದವರು ಊಹಿಸಿಕೊಂಡಿದ್ದರು.

ಈ ಎರಡು ನಿಯಮಗಳನ್ನು ಸುಪ್ರೀಂ ಕೋರ್ಟಿನ ಮುಂದೆ ತಂದು ನಿಲ್ಲಿಸಿದವರು ಕೊಡಗಿನ ಹೆಣ್ಣುಮಗಳು. ಚೋನಿರ ಬೆಳ್ಯಪ್ಪ ಮುತ್ತಮ್ಮ ಎಂಬುದು ಪೂರ್ಣ ಹೆಸರು. ಕಡತಗಳಲ್ಲಿ, ಕಾನೂನಿನ ಪುಸ್ತಕಗಳಲ್ಲಿ ಅವರು ಸಿ.ಬಿ. ಮುತ್ತಮ್ಮ. ಉದ್ಯೋಗದಲ್ಲಿ ಸ್ತ್ರೀ ಸಮಾನತೆಯ ಪ್ರಶ್ನೆ ನ್ಯಾಯಾಲಯದಲ್ಲಿ ಬಂದಾಗಲೆಲ್ಲ ವಕೀಲರು ಇಂದಿಗೂ ಈ ಹೆಸರನ್ನು ಎತ್ತುತ್ತಾರೆ. ಅವರ ಸ್ವಂತ ನಾಡಿನಲ್ಲಿ ಆ ಹೆಸರು ಅಷ್ಟಾಗಿ ಬಾಯಿಗೆ ಬಂದಂತಿಲ್ಲ.

ಮುತ್ತಮ್ಮ ಹುಟ್ಟಿದ್ದು 1924ರ ಜನವರಿಯಲ್ಲಿ, ವಿರಾಜಪೇಟೆಯಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸುವ ಹಟ ತೊಟ್ಟವರು ತಾಯಿ. ಮಡಿಕೇರಿಯ ಸೇಂಟ್ ಜೋಸೆಫ್ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ. ಚೀಫ್ ಕಮಿಷನರ್ ಆಡಳಿತದ ಪುಟ್ಟ ಪ್ರಾಂತ್ಯವಾಗಿತ್ತು. ಆ ಮೂಲೆಯಿಂದ ಬಂದ ಯುವತಿ 1948ರಲ್ಲಿ ಕೇಂದ್ರದ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಹಾಗೆ ತೇರ್ಗಡೆಯಾದ ದೇಶದ ಮೊದಲ ಮಹಿಳೆ ಎನಿಸಿಕೊಂಡರು. ಆರಿಸಿಕೊಂಡದ್ದು ವಿದೇಶಾಂಗ ಸೇವೆಯನ್ನು. 1949ರಲ್ಲಿ ಕೆಲಸಕ್ಕೆ ಸೇರಿದರು.

ಸೇರುವ ಹೊಸ್ತಿಲಲ್ಲೇ ಎಡವಿಸುವ ಪ್ರಯತ್ನ ನಡೆದಿತ್ತು. ವಿದೇಶಾಂಗ ಸೇವೆ ಹೆಂಗಸರಿಗೆ ಹೇಳಿಸಿದ್ದಲ್ಲ, ಬೇರೆ ಯಾವುದಾದರೂ ಆರಿಸಿಕೊಳ್ಳಿ ಎಂದು ಲೋಕಸೇವಾ ಆಯೋಗದ ಅಧ್ಯಕ್ಷರೇ ಒತ್ತಾಯಿಸಿದರೆಂದೂ, ತಮ್ಮ ಪ್ರಭಾವ ಬಳಸಿ ಸಂದರ್ಶನದಲ್ಲಿ ಕನಿಷ್ಠ ಅಂಕ ಕೊಡಿಸಿದ್ದಾಗಿ ಮುಂದೆ ಅವರೇ ತಮ್ಮೆದುರು ಹೇಳಿದರೆಂದೂ ಮುತ್ತಮ್ಮ ತಮ್ಮ ಅರ್ಜಿಯಲ್ಲಿ ಬರೆದರು. ಲಿಖಿತ ಪರೀಕ್ಷೆಯಲ್ಲಿ ಪಡೆದ ಅಂಕ ಈ ಹೊಡೆತವನ್ನೂ ತಡೆದುಕೊಂಡಿತು. ಕೊನೆಗೆ ಒಂದು ಮುಚ್ಚಳಿಕೆ ಬರೆಸಿಕೊಂಡರು. ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಎಂಬುದೇ ಅದರ ಸಾರ. ಜತೆಯಲ್ಲಿ ಆಯ್ಕೆಯಾದ ಗಂಡಸರಿಗೆ ಆ ಕಾಗದವಿರಲಿಲ್ಲ.

ಮುತ್ತಮ್ಮ ಜೀವನವಿಡೀ ಅವಿವಾಹಿತರಾಗಿಯೇ ಉಳಿದರು. ಅದಕ್ಕೆ ಈ ಮುಚ್ಚಳಿಕೆಯೇ ಕಾರಣವೆಂದು ಹೇಳಿಬಿಡುವುದು ಸರಿಯಾಗದು. ಆದರೆ ಇಪ್ಪತ್ತೈದರ ಪ್ರಾಯದಲ್ಲಿ ಒಬ್ಬರಿಂದ ಮಾತ್ರ ಅಂಥ ಸಹಿ ಪಡೆದು, ಇನ್ನೊಬ್ಬರನ್ನು ಸುಮ್ಮನೆ ಬಿಟ್ಟರೆ, ಇಬ್ಬರ ಎದುರಿಗೂ ಇರುವ ದಾರಿ ಒಂದೇ ಎನ್ನುವುದು ಹೇಗೆ?

ಅದೇ ಕಾಲದ ಇನ್ನೊಂದು ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಐಎಎಸ್‌ಗೆ ಸೇರಿದ ಮೊದಲ ಮಹಿಳೆಯರಲ್ಲೊಬ್ಬರಾದ ಕೇರಳದ ಅನ್ನಾ ರಾಜಂ ಜಾರ್ಜ್ 1951ರ ತಂಡದವರು. ಸಂದರ್ಶನ ಮಂಡಳಿ ಅವರಿಗೆ, ಐಎಎಸ್ ನಿಮಗೆ ಬೇಡ, ವಿದೇಶಾಂಗ ಸೇವೆಯನ್ನೋ ಇತರ ಕೇಂದ್ರ ಸೇವೆಯನ್ನೋ ತೆಗೆದುಕೊಳ್ಳಿ, ಹೆಂಗಸರಿಗೆ ಅದೇ ಒಗ್ಗುತ್ತದೆ ಎಂದು ಬುದ್ಧಿ ಹೇಳಿತು. ಎರಡು ಮೂರು ವರ್ಷದ ಹಿಂದೆ ಮುತ್ತಮ್ಮನವರಿಗೆ ಯಾವುದು ಒಗ್ಗದು ಎಂದಿದ್ದರೋ ಅದೇ ಈಗ ಒಗ್ಗುವ ಕೆಲಸವಾಗಿತ್ತು! ಅನ್ನಾ ಒಪ್ಪಲಿಲ್ಲ. ಮದರಾಸು ರಾಜ್ಯಕ್ಕೆ ನೇಮಕವಾಗಿ ಹೊಸೂರಿನ ಸಬ್ ಕಲೆಕ್ಟರ್ ಆದರು. ಅವರ ನೇಮಕಾತಿ ಪತ್ರದಲ್ಲೂ, ಮದುವೆಯಾದರೆ ಸೇವೆ ಕೊನೆಗೊಳ್ಳುತ್ತದೆ ಎಂಬ ಷರತ್ತಿತ್ತು. ಕೆಲ ವರ್ಷಗಳಲ್ಲಿ ನಿಯಮ ಸಡಿಲವಾಯಿತು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ಆರ್.ಎನ್. ಮಲ್ಹೋತ್ರಾ ಅವರನ್ನು ಮದುವೆಯಾಗಿ ಅನ್ನಾ ಸೇವೆಯಲ್ಲೇ ಮುಂದುವರಿದರು.

ಇಂಥ ಷರತ್ತು ನಮ್ಮವರ ಸ್ವಂತ ಶೋಧನೆ ಏನಲ್ಲ. ಮದುವೆಯಾದ ಹೆಂಗಸನ್ನು ನೌಕರಿಯಿಂದ ಬಿಡಿಸುವ ಪದ್ಧತಿ ಯುರೋಪು, ಅಮೆರಿಕಗಳ ಶಾಲೆ, ಬ್ಯಾಂಕು, ಅಂಚೆ ಕಚೇರಿಗಳಲ್ಲಿ ಬಹುಕಾಲ ಇತ್ತು. ಬ್ರಿಟನ್ನಿನ ನಾಗರಿಕ ಸೇವೆ ಅದನ್ನು 1946ರಲ್ಲಿ ಕೈಬಿಟ್ಟಿತು. ಆದರೆ ಅಲ್ಲಿನ ರಾಜತಾಂತ್ರಿಕ ಸೇವೆ 1970ರ ದಶಕದ ಆರಂಭದವರೆಗೂ ಬಿಡಲಿಲ್ಲ. ಐರ್ಲೆಂಡ್ ಸರ್ಕಾರ ಕೈಬಿಟ್ಟದ್ದು 1973ರಲ್ಲಿ. ಹಿಂದೆ ಇದ್ದ ವಾದ ಎಲ್ಲ ಕಡೆಯೂ ಒಂದೇ. ರಾಯಭಾರಿಯ ಪತ್ನಿ ಔತಣ ಏರ್ಪಡಿಸುತ್ತಾಳೆ, ಅತಿಥಿಗಳನ್ನು ನೋಡಿಕೊಳ್ಳುತ್ತಾಳೆ, ವರ್ಗವಾದ ಕಡೆ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾಳೆ. ರಾಯಭಾರಿಯೇ ಹೆಂಗಸಾದರೆ ಆಕೆಯ ಗಂಡ ಪೆಟ್ಟಿಗೆ ಕಟ್ಟುವನೇ? ಅಂದರೆ ಒಂದು ಸಂಬಳಕ್ಕೆ ಇಬ್ಬರ ದುಡಿಮೆಯನ್ನು ಪಡೆಯುವ ರೂಢಿ ಸರ್ಕಾರಗಳಿಗೆ ಇತ್ತು. ಹೆಣ್ಣು ಅಧಿಕಾರಿ ಬಂದರೆ ಆ ಎರಡನೆಯ, ಸಂಬಳವಿಲ್ಲದ ಆಳು ಇಲ್ಲವಾಗುತ್ತದೆ. ಯೋಗ್ಯತೆಯ ಮಾತಿಗಿಂತ ಈ ಲೆಕ್ಕಾಚಾರವೇ ಹೆಚ್ಚು ಕೆಲಸ ಮಾಡಿದಂತೆ ಕಾಣುತ್ತದೆ.

ಮುತ್ತಮ್ಮ ಪ್ಯಾರಿಸ್ಸಿನ ರಾಯಭಾರ ಕಚೇರಿಯಲ್ಲಿ ಕೆಲಸ ಆರಂಭಿಸಿದರು. ರಂಗೂನ್, ಲಂಡನ್‌ಗಳಲ್ಲಿ ಇದ್ದರು. ದೆಹಲಿಯಲ್ಲಿ ಪಾಕಿಸ್ತಾನ ಮತ್ತು ಅಮೆರಿಕಕ್ಕೆ ಸಂಬಂಧಿಸಿದ ಕೆಲಸ ನೋಡಿಕೊಂಡರು. 1970ರಲ್ಲಿ ಹಂಗರಿಗೆ ರಾಯಭಾರಿಯಾದರು. ಅದಕ್ಕೂ ಮೊದಲು ವಿಜಯಲಕ್ಷ್ಮಿ ಪಂಡಿತರು ಮಾಸ್ಕೋ, ವಾಷಿಂಗ್ಟನ್‌ಗಳಲ್ಲಿ ರಾಯಭಾರಿಯಾಗಿದ್ದರು ನಿಜ. ಅದು ರಾಜಕೀಯ ನೇಮಕ. ಪರೀಕ್ಷೆ ಬರೆದು, ಮೆಟ್ಟಿಲು ಮೆಟ್ಟಿಲಾಗಿ ಏರಿ ಆ ಕುರ್ಚಿ ತಲುಪಿದವರಲ್ಲಿ ಮುತ್ತಮ್ಮ ಮೊದಲಿಗರು. ಬ್ರಿಟನ್ ತನ್ನ ಮೊದಲ ಮಹಿಳಾ ರಾಯಭಾರಿಯನ್ನು ಕಳುಹಿಸಿದ್ದು 1976ರಲ್ಲಿ, ಡೆನ್ಮಾರ್ಕಿಗೆ. ಆರು ವರ್ಷ ಮೊದಲೇ ಭಾರತ ಆ ಕೆಲಸ ಮಾಡಿತ್ತೆಂದು ಹೆಮ್ಮೆಪಡಬಹುದು. ಮದುವೆಗೆ ಅಪ್ಪಣೆ ಕೇಳುವ ನಿಯಮ ಮಾತ್ರ ಆಗಲೂ ಪುಸ್ತಕದಲ್ಲಿತ್ತು.

ಬಡ್ತಿಯ ಬಾಗಿಲು

ನಿಜವಾದ ತೊಡಕು ಬಂದದ್ದು ಸೇವೆಯ ಮೇಲ್ತುದಿಯಲ್ಲಿ. ವಿದೇಶಾಂಗ ಸೇವೆಯಲ್ಲಿ ಗ್ರೇಡ್ 1 ಎಂಬ ದರ್ಜೆಯಿದೆ. ಮುಖ್ಯ ದೇಶಗಳ ರಾಯಭಾರ, ಸಚಿವಾಲಯದ ಉನ್ನತ ಹುದ್ದೆಗಳು ಈ ದರ್ಜೆಯವರಿಗೆ. ಕೆಳಗಿನ ಹಂತಗಳಲ್ಲಿ ಬಡ್ತಿ ಬಹುಮಟ್ಟಿಗೆ ಸೇವಾ ಹಿರಿತನದ ಮೇಲೆ ನಡೆದುಕೊಂಡು ಹೋಗುತ್ತದೆ. ಮೇಲೆ ಹೋದಂತೆ ಹಿರಿತನದ ಜತೆಗೆ ಅರ್ಹತೆ ಎಂಬ ಮಾತು ಸೇರಿಕೊಳ್ಳುತ್ತದೆ. ಆಗ ಅರ್ಹತೆಯನ್ನು ಅಳೆಯುತ್ತಿದ್ದುದು ಮೇಲಧಿಕಾರಿಗಳು ವರ್ಷಕ್ಕೊಮ್ಮೆ ಬರೆಯುತ್ತಿದ್ದ ಗೋಪ್ಯ ವರದಿಗಳಿಂದ, ಅವನ್ನು ಓದುತ್ತಿದ್ದ ಕೆಲವೇ ಹಿರಿಯರಿಂದ. ಅಂತಿಮ ಮುದ್ರೆ ಒತ್ತುವುದು ಕೇಂದ್ರ ಸಂಪುಟದ ನೇಮಕಾತಿ ಸಮಿತಿ. ಮುತ್ತಮ್ಮನವರಿಗೆ ಈ ಹಂತದಲ್ಲಿ ಅರ್ಹತೆ ಸಾಲದು ಎಂಬ ಉತ್ತರ ಬಂತು. ಅವರಿಗಿಂತ ಕಿರಿಯರು ಅವರನ್ನು ದಾಟಿ ಮೇಲೆ ಹೋದರು.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ನೋವು ವಿವರಿಸಿ ಹೇಳಬೇಕಿಲ್ಲ. ನಿನ್ನೆಯವರೆಗೆ ತನಗೆ ಕಡತ ಒಪ್ಪಿಸುತ್ತಿದ್ದವನ ಮುಂದೆ ನಾಳೆ ತಾನೇ ಕಡತ ಹಿಡಿದು ನಿಲ್ಲಬೇಕು. ಬರೆದಿಟ್ಟ ನಿಯಮವಾದರೆ ಇದು ತಪ್ಪು ಎಂದು ಬೆರಳಿಟ್ಟು ತೋರಿಸಬಹುದು. ಅರ್ಹತೆ ಸಾಲದು ಎಂಬ ಮಾತಿಗೆ ಬೆರಳಿಡುವುದು ಎಲ್ಲಿ? ಗೋಪ್ಯ ವರದಿ ಆಗ ಅವರ ಕೈಗೆ ಸಿಗುತ್ತಿರಲಿಲ್ಲ. ಸಮಿತಿಯಲ್ಲಿ ಯಾರು ಏನಂದರೆಂದು ತಿಳಿಯುವುದಿಲ್ಲ. ಮುತ್ತಮ್ಮ ಮಾಡಿದ ಜಾಣತನವೆಂದರೆ, ಕಣ್ಣಿಗೆ ಕಾಣದ ಅನ್ಯಾಯವನ್ನು ಕಣ್ಣಿಗೆ ಕಾಣುವ ನಿಯಮಗಳ ಜತೆ ಸೇರಿಸಿ ಪ್ರಶ್ನಿಸಿದ್ದು. ಹೆಂಗಸರ ಬಗ್ಗೆ ಇಂಥ ನಿಯಮ ಬರೆದಿಟ್ಟುಕೊಂಡಿರುವ ಇಲಾಖೆ, ಹೆಂಗಸಿನ ಅರ್ಹತೆ ತೂಗುವಾಗ ಮಾತ್ರ ನಿಷ್ಪಕ್ಷಪಾತಿಯಾಗಿರುತ್ತದೆಯೇ ಎಂಬುದು ಅವರ ಅರ್ಜಿಯ ತಿರುಳು. ವಿದೇಶಾಂಗ ಕಾರ್ಯದರ್ಶಿ ಮತ್ತು ನೇಮಕಾತಿ ಸಮಿತಿಯ ಸದಸ್ಯರು ಒಟ್ಟಾರೆ ಸ್ತ್ರೀಯರ ವಿಷಯದಲ್ಲೇ ಪೂರ್ವಗ್ರಹ ಉಳ್ಳವರೆಂದು ಅವರು ನೇರವಾಗಿ ಆಪಾದಿಸಿದರು. ಸೇವೆಯಲ್ಲಿದ್ದುಕೊಂಡೇ, ತಮ್ಮ ಭವಿಷ್ಯ ಯಾರ ಕೈಯಲ್ಲಿತ್ತೋ ಅವರ ಮೇಲೆಯೇ ಹೀಗೆ ಬರೆಯಲು ಎದೆಗಾರಿಕೆ ಬೇಕು.

ಅರ್ಜಿ ಸಲ್ಲಿಕೆಯಾದ ಮೇಲೆ ಕೆಲವು ಬದಲಾವಣೆಗಳು ಚುರುಕಾಗಿ ನಡೆದವು. 18ನೇ ನಿಯಮವನ್ನು 1973ರ ನವೆಂಬರಿನಲ್ಲೇ ತೆಗೆದುಹಾಕಲಾಗಿದೆ ಎಂದು ಸರ್ಕಾರ ತಿಳಿಸಿತು. 8(2)ನ್ನು ತೆಗೆದುಹಾಕುವ ನಿರ್ಧಾರವಾಗಿದೆ, ಗೆಜೆಟ್ ಪ್ರಕಟಣೆಯೊಂದೇ ಬಾಕಿ ಎಂದಿತು. ಅಷ್ಟೇ ಅಲ್ಲ, ಕೆಲ ತಿಂಗಳ ಹಿಂದೆ ಅರ್ಹರಲ್ಲದ ಮುತ್ತಮ್ಮ ಮರುಪರಿಶೀಲನೆಯಲ್ಲಿ ಅರ್ಹರಾಗಿ ಕಂಡುಬಂದರು! ಗ್ರೇಡ್ 1ಕ್ಕೆ ಬಡ್ತಿ ಕೊಟ್ಟು ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಿಸಲಾಯಿತು.

1979ರ ಸೆಪ್ಟೆಂಬರ್ 17ರಂದು ತೀರ್ಪು ಬಂತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್ ಪೀಠದಲ್ಲಿದ್ದರು. ಬರೆದವರು ಕೃಷ್ಣ ಅಯ್ಯರ್. ತೀರ್ಪು ಚಿಕ್ಕದು, ನಾಲ್ಕಾರು ಪುಟ. ಮಾತು ಮಾತ್ರ ಮೊನಚು. ಸಂವಿಧಾನದ 14 ಮತ್ತು 16ನೇ ವಿಧಿಗಳು ದಿಟವೋ ಕಟ್ಟುಕಥೆಯೋ ಎಂದು ಅನುಮಾನ ಹುಟ್ಟಿಸುವಂಥ ಕಥೆ ಇದು ಎಂದೇ ಅದರ ಆರಂಭ. ಮುಂದಿನ ತರ್ಕ ಅತ್ಯಂತ ಸರಳ. ಹೆಣ್ಣು ಅಧಿಕಾರಿ ಮದುವೆಯಾಗುವುದರಿಂದ ಸರ್ಕಾರಕ್ಕೆ ಏನಾದರೂ ಅಪಾಯ ಉಂಟಾದರೆ, ಗಂಡು ಅಧಿಕಾರಿ ಮದುವೆಯಾದಾಗಲೂ ಅದೇ ಅಪಾಯವಿದೆ. ಮನೆಯ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿ ಬರಬಹುದಾದರೆ ಗಂಡಸಿನ ಕೆಲಸಕ್ಕೂ ಬರಬಹುದು. ಹಾಗಿರುವಾಗ ಒಬ್ಬರಿಗೆ ಮಾತ್ರ ನಿಯಮವೇಕೆ?

ಅರ್ಜಿ ಹಾಕಿದ ಮೇಲೆಯೇ ಬಡ್ತಿ ಬಂದದ್ದು ಕಾಕತಾಳೀಯವೋ ಅಲ್ಲವೋ ಎಂಬ ಪ್ರಶ್ನೆಯನ್ನೂ ನ್ಯಾಯಮೂರ್ತಿಗಳು ಎತ್ತಿದರು. ನ್ಯಾಯ ಸಿಕ್ಕ ಮೇಲೆ ಅದನ್ನು ಕೆದಕುವುದು ಬೇಡವೆಂದು ತಾವೇ ಬಿಟ್ಟರು. ಉಳಿದದ್ದು ಹಿರಿತನದ ಪ್ರಶ್ನೆ. ಮೊದಲ ಪರಿಶೀಲನೆಗೂ ಎರಡನೆಯದಕ್ಕೂ ನಡುವಿನ ಕೆಲವೇ ತಿಂಗಳಲ್ಲಿ ಕಿರಿಯರು ಮುಂದೆ ಹೋಗಿದ್ದರಿಂದ ಮುಂದಿನ ಹುದ್ದೆಗಳಲ್ಲೂ ಮುತ್ತಮ್ಮ ಹಿಂದೆ ಬೀಳುವಂತಾಗಿತ್ತು. ಅವರ ಸೇವಾ ಹಿರಿತನವನ್ನು ಮತ್ತೆ ಪರಿಶೀಲಿಸಬೇಕೆಂದು ಸರ್ಕಾರಕ್ಕೆ ನ್ಯಾಯಾಲಯ ಹೇಳಿತು. ಯಾರಾದರೂ ರಿಟ್ ಅರ್ಜಿ ಹಾಕಲಿ ಎಂದು ಕಾಯದೆ, ಎಲ್ಲ ಸೇವೆಗಳ ನಿಯಮಗಳನ್ನೂ ಜಾಲಾಡಿ ಲಿಂಗಭೇದದ ಕಲೆಯನ್ನು ತೊಳೆಯಬೇಕೆಂದೂ ಹೇಳಿತು.

ಮುತ್ತಮ್ಮ ಮೊಕದ್ದಮೆ ಗೆದ್ದರು ಎಂದೇ ಎಲ್ಲೆಡೆ ಬರೆಯುತ್ತಾರೆ. ತೀರ್ಪಿನ ಕೊನೆಯನ್ನು ನೋಡಿದರೆ ಅರ್ಜಿ ವಜಾ ಆಗಿದೆ. ಅರ್ಜಿಯನ್ನು ವಜಾ ಮಾಡಿದ್ದೇವೆ, ಸಮಸ್ಯೆಯನ್ನಲ್ಲ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿಗಳು ಸೇರಿಸಿದ್ದಾರೆ. ಸರ್ಕಾರವೇ ನಿಯಮ ಕೈಬಿಟ್ಟು ಬಡ್ತಿಯನ್ನೂ ಕೊಟ್ಟಿದ್ದರಿಂದ ರದ್ದುಪಡಿಸಲು ಏನೂ ಉಳಿದಿರಲಿಲ್ಲ. ಹೀಗೆ ಕೊನೆಯ ಗಳಿಗೆಯಲ್ಲಿ ಬೇಡಿಕೆ ಈಡೇರಿಸಿ ಮೊಕದ್ದಮೆಯ ಗಾಳಿ ತೆಗೆಯುವುದು ಸರ್ಕಾರಗಳ ಹಳೆಯ ಜಾಣ್ಮೆ. ಆ ಜಾಣ್ಮೆಯಿಂದಾಗಿ, ಗೋಪ್ಯ ವರದಿಗಳಲ್ಲಿ ಪಕ್ಷಪಾತ ಇತ್ತೇ ಇಲ್ಲವೇ ಎಂಬ ಮುಖ್ಯ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭದಲ್ಲೂ ಹೆಣ್ಣು ಗಂಡು ಸಮಾನರೆಂದು ತಾವು ಸಾರ್ವತ್ರಿಕ ಸೂತ್ರ ಹಾಕುತ್ತಿಲ್ಲ, ಕೆಲವು ಕೆಲಸಗಳ ಸ್ವರೂಪವೇ ಭೇದ ಮಾಡಬೇಕಾದಂತೆ ಇರಬಹುದು ಎಂದು ಕೃಷ್ಣ ಅಯ್ಯರ್ ಒಂದು ಕಿಂಡಿ ಬಿಟ್ಟರು. ಆದರೆ ಅಂಥ ಭೇದ ಅಗತ್ಯವೆಂದು ತೋರಿಸಿಕೊಡಬೇಕು, ಇಲ್ಲವಾದರೆ ಸಮಾನತೆಯೇ ನಿಯಮ ಎಂದರು. ತೋರಿಸಿಕೊಡುವ ಹೊಣೆ ಧಣಿಯ ಮೇಲೆ ಬಂತು ಎಂಬುದು ಈ ತೀರ್ಪಿನ ದೊಡ್ಡ ಲಾಭ. ಆ ಕಿಂಡಿ ಎಷ್ಟು ಅಗಲವಾಗಬಹುದೆಂಬುದು ಎರಡೇ ವರ್ಷದಲ್ಲಿ ಗೊತ್ತಾಯಿತು.

ಕಾರ್ಖಾನೆ, ವಿಮಾನ, ಕಂಪನಿ

ಏರ್ ಇಂಡಿಯಾದ ಗಗನಸಖಿಯರಿಗೆ ಆಗ ಇದ್ದ ಷರತ್ತು ಹೀಗಿತ್ತು. 35 ವರ್ಷ ತುಂಬಿದರೆ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಬಾರಿ ಗರ್ಭಿಣಿಯಾದರೆ, ಯಾವುದು ಮೊದಲೋ ಆಗ ನಿವೃತ್ತಿ. ಮ್ಯಾನೇಜಿಂಗ್ ಡೈರೆಕ್ಟರ್ ಮನಸ್ಸು ಮಾಡಿದರೆ 45ರವರೆಗೆ ಮುಂದುವರಿಸಬಹುದು. ಅದೇ ವಿಮಾನದಲ್ಲಿ ಅದೇ ಬಗೆಯ ಕೆಲಸ ಮಾಡುವ ಪುರುಷ ಪರ್ಸರ್‌ಗಳಿಗೆ ನಿವೃತ್ತಿ ವಯಸ್ಸು 58. ನರ್ಗೀಸ್ ಮಿರ್ಜಾ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯದಲ್ಲಿ 1981ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಗರ್ಭಿಣಿಯಾದೊಡನೆ ಮನೆಗೆ ಕಳಿಸುವುದು ಭಾರತೀಯ ಸ್ತ್ರೀತ್ವಕ್ಕೆ ಮಾಡುವ ಅವಮಾನವೆಂದು ಆ ಷರತ್ತನ್ನು ರದ್ದು ಮಾಡಿತು. ಮ್ಯಾನೇಜಿಂಗ್ ಡೈರೆಕ್ಟರರ ಇಷ್ಟಾನಿಷ್ಟದ ಅಧಿಕಾರವನ್ನೂ ಕಿತ್ತುಹಾಕಿತು. ಆದರೆ ನಾಲ್ಕು ವರ್ಷ ಮದುವೆಯಾಗಬಾರದೆಂಬುದನ್ನು ಎತ್ತಿಹಿಡಿಯಿತು. ಹುಡುಗಿಯ ಆರೋಗ್ಯಕ್ಕೂ ಕುಟುಂಬ ಯೋಜನೆಗೂ ಅದು ಒಳ್ಳೆಯದೇ ಎಂಬ ಕಾರಣವನ್ನೂ ಕೊಟ್ಟಿತು. ಪರ್ಸರ್‌ಗಳದ್ದು ಬೇರೆ ವರ್ಗ, ಗಗನಸಖಿಯರದ್ದು ಬೇರೆ ವರ್ಗ, ಹಾಗಾಗಿ ಹೋಲಿಕೆ ಸಲ್ಲದು ಎಂದಿತು. ಮೊದಲು ಎರಡು ಹೆಸರಿನ ಹುದ್ದೆ ಮಾಡಿ, ಆಮೇಲೆ ಹೆಸರು ಬೇರೆ ಎಂಬ ಕಾರಣಕ್ಕೆ ಭೇದ ಮಾಡಬಹುದಾದರೆ ಸಮಾನತೆಯ ವಿಧಿಯನ್ನು ದಾಟುವುದು ಬಹಳ ಸುಲಭ.

ಹಾಗೆ ನೋಡಿದರೆ 1965ರಲ್ಲೇ ಇದೇ ನ್ಯಾಯಾಲಯ ಇನ್ನೂ ಗಟ್ಟಿಯಾದ ತರ್ಕ ಮಂಡಿಸಿತ್ತು. ಮುಂಬಯಿಯ ಔಷಧ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಮದುವೆಯಾದ ಹುಡುಗಿ ಕೆಲಸ ಬಿಡಬೇಕೆಂಬ ಷರತ್ತಿತ್ತು. ಗೃಹಿಣಿಯರು ಹೆಚ್ಚು ಗೈರುಹಾಜರಾಗುತ್ತಾರೆ, ತಂಡದ ಕೆಲಸ ಕೆಡುತ್ತದೆ ಎಂಬುದು ಕಂಪನಿಯ ವಾದ. ಮಕ್ಕಳಿರುವುದೇ ಗೈರುಹಾಜರಿಗೆ ಕಾರಣವಾದರೆ ಮಕ್ಕಳಿರುವ ವಿಧವೆಯರಿಗೂ ಅದು ಅನ್ವಯಿಸಬೇಕಲ್ಲ, ಅವರಿಗೇಕೆ ಈ ಷರತ್ತಿಲ್ಲ ಎಂದು ನ್ಯಾಯಾಲಯ ಕೇಳಿತು. ಕಾರ್ಮಿಕ ಸಂಘ ಗೆದ್ದಿತು. ಪ್ಯಾಕಿಂಗ್ ವಿಭಾಗದ ಹುಡುಗಿಯರಿಗೆ ಸಿಕ್ಕ ಈ ನ್ಯಾಯ ರಾಯಭಾರಿಯ ಇಲಾಖೆಗೆ ತಲುಪಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತೆಂಬುದು ಗಮನಿಸಬೇಕಾದ ಸಂಗತಿ. ಬಹುಶಃ ಅವರ ಹಿಂದೆ ಸಂಘವಿತ್ತು. ಮುತ್ತಮ್ಮ ಒಂಟಿ.

ಖಾಸಗಿ ಕಂಪನಿಗಳ ಕಥೆ ಬೇರೆಯಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಚನಾ ಫಲಕದಲ್ಲಿ 1974ರಲ್ಲಿ ಅಂಟಿಸಿದ್ದ ಟೆಲ್ಕೊ ಜಾಹೀರಾತು, ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂಬ ಅದರ ಕೊನೆಯ ಸಾಲು, ಅದನ್ನು ಕಂಡು ಸುಧಾ ಮೂರ್ತಿ ಅವರು ಜೆ.ಆರ್.ಡಿ. ಟಾಟಾ ಅವರಿಗೆ ಬರೆದ ಪೋಸ್ಟ್ ಕಾರ್ಡು, ಇವೆಲ್ಲ ಕನ್ನಡಿಗರಿಗೆ ಬಾಯಿಪಾಠ. ಪುಣೆಯ ಕಾರ್ಖಾನೆಯಲ್ಲಿ ಅವರಿಗೆ ಎಂಜಿನಿಯರ್ ಕೆಲಸ ಸಿಕ್ಕಿತು. ಆ ಜಾಹೀರಾತು ಹೇಗೋ ಬಾಯಿಬಿಟ್ಟು ಹೇಳಿತ್ತು. ಹೇಳದೆ ಹಾಗೆ ನಡೆದುಕೊಂಡವರು ಎಷ್ಟು ಮಂದಿಯೋ, ಅವರಿಗೆ ಕಾರ್ಡು ಬರೆಯುವುದಾದರೂ ಹೇಗೆ?

ಸಮಾನ ವೇತನ ಕಾಯಿದೆ 1976ರಲ್ಲಿ ಬಂತು. ಅದು ಬಂದ ಮೇಲೂ ಮುಂಬಯಿಯ ಹಡಗು ಕಂಪನಿಯೊಂದು ಅಧಿಕಾರಿಗಳ ಆಪ್ತ ಕೆಲಸ ನೋಡುವ ಮಹಿಳಾ ಸ್ಟೆನೋಗಳಿಗೆ ಪುರುಷ ಸ್ಟೆನೋಗಳಿಗಿಂತ ಕಡಿಮೆ ಸಂಬಳ ಕೊಡುತ್ತಿತ್ತು. ಕೆಲಸ ಬೇರೆ, ಆದ್ದರಿಂದ ಸಂಬಳವೂ ಬೇರೆ ಎಂಬ ಅದೇ ಹಳೆಯ ವಾದ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಆಡಳಿತ ಮಂಡಳಿಯ ಕುರ್ಚಿಗೆ ಕಾನೂನು ಕೈಹಾಕಿದ್ದು ಬಹಳ ತಡವಾಗಿ. 2013ರ ಕಂಪನಿ ಕಾಯಿದೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ನಿರ್ದೇಶಕ ಮಂಡಳಿಯಲ್ಲೂ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿತು. ಗಡುವು ಹತ್ತಿರವಾದಾಗ ಅನೇಕ ಕಂಪನಿಗಳಲ್ಲಿ ಮಾಲೀಕರ ಹೆಂಡತಿ, ಮಗಳು, ಸೊಸೆ ನಿರ್ದೇಶಕಿಯರಾದರು. ಷೇರುಪೇಟೆ ನಿಯಂತ್ರಣ ಮಂಡಳಿ ಸೆಬಿ ಎಚ್ಚೆತ್ತು, ದೊಡ್ಡ ಕಂಪನಿಗಳಲ್ಲಿ ಆ ಮಹಿಳೆ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕೆಂದು ವಿಧಿಸಿತು. ಮೊದಲ 500 ಕಂಪನಿಗಳಿಗೆ 2019ರಿಂದ, ಮೊದಲ ಸಾವಿರಕ್ಕೆ 2020ರಿಂದ. ಮಂಡಳಿಯ ಒಂದು ಕುರ್ಚಿಯನ್ನು ಕಾನೂನಿನಿಂದ ತುಂಬಬಹುದು. ಆ ಕುರ್ಚಿಯ ಕೆಳಗಿನ ಹತ್ತು ಮೆಟ್ಟಿಲುಗಳಲ್ಲಿ, ಯಾರನ್ನು ಮುಂದಿನ ವ್ಯವಸ್ಥಾಪಕರನ್ನಾಗಿ ಬೆಳೆಸಬೇಕು, ಯಾರಿಗೆ ದೂರದೂರಿನ ಜವಾಬ್ದಾರಿ ವಹಿಸಬೇಕು ಎಂದು ನಿರ್ಧರಿಸುವಾಗ, ಆಕೆಗೆ ಈಗಷ್ಟೇ ಮದುವೆಯಾಗಿದೆ, ಮಗು ಸಣ್ಣದು, ಪಾಪ ಯಾಕೆ ತೊಂದರೆ ಎಂದು ಸಂಜೆ ಕಾಫಿಯ ಹೊತ್ತಿನಲ್ಲಿ ಯಾರೋ ಆಡುವ ಕರುಣೆಯ ಮಾತು ಯಾವ ಕಾಯಿದೆಯ ಬಲೆಗೂ ಬೀಳುವುದಿಲ್ಲ. 8(2)ನೇ ನಿಯಮದ ಮಾತೂ ಅದೇ ಆಗಿತ್ತು. ಅದಕ್ಕೊಂದು ಸಂಖ್ಯೆಯಿತ್ತು ಅಷ್ಟೆ.

ಈ ಊಹೆಗೆ ಕಾನೂನೂ ಒಮ್ಮೊಮ್ಮೆ ಗೊತ್ತಿಲ್ಲದೆ ನೀರೆರೆಯುತ್ತದೆ. ಹೆರಿಗೆ ರಜೆಯನ್ನು 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿಸಿದ್ದು ಒಳ್ಳೆಯದೇ. ಆದರೆ ಆ ಸಂಬಳದ ಪೂರ್ತಿ ಹೊರೆ ಕಂಪನಿಯ ಮೇಲೆ ಬಿತ್ತು. ತಂದೆಗೆ ರಜೆ ಕೊಡಬೇಕೆಂದು ಖಾಸಗಿ ಕಂಪನಿಗಳಿಗೆ ಆ ಕಾನೂನು ಹೇಳಲಿಲ್ಲ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ನಿಗದಿಯಾದದ್ದು 15 ದಿನ. ಮಗು ಯಾರದ್ದು ಎಂಬ ಪ್ರಶ್ನೆಗೆ ಲೆಕ್ಕದ ಪುಸ್ತಕ ಕೊಡುವ ಉತ್ತರ ಇದು. ನೇಮಕಾತಿಗೆ ಕುಳಿತವನು ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕದೆ ಇರುತ್ತಾನೆಯೇ?

ಮುತ್ತಮ್ಮ 1982ರಲ್ಲಿ ಹೇಗ್‌ನಿಂದ ನಿವೃತ್ತರಾದರು. ನಿಶ್ಶಸ್ತ್ರೀಕರಣ ಕುರಿತ ಪಾಮೆ ಆಯೋಗದಲ್ಲಿ ಸದಸ್ಯರಾಗಿ ಕೆಲಸ ಮಾಡಿದರು. ಆಡಳಿತ ವ್ಯವಸ್ಥೆಯ ಮೇಲಿನ ತಮ್ಮ ಸಿಟ್ಟನ್ನೆಲ್ಲ ಸೇರಿಸಿ 2003ರಲ್ಲಿ 'ಸ್ಲೇನ್ ಬೈ ದಿ ಸಿಸ್ಟಮ್' ಎಂಬ ಪುಸ್ತಕ ತಂದರು. ಅದಕ್ಕೂ ಮೊದಲು ಇನ್ನೊಬ್ಬರ ಜತೆ ಸೇರಿ ಬರೆದದ್ದು ಕೊಡವ ಅಡುಗೆಯ ಪುಸ್ತಕ. ಮನೆಯ ಹೊಣೆ ಕೆಲಸಕ್ಕೆ ಅಡ್ಡಿ ಎಂದವರು ಅದನ್ನು ಓದಿದ್ದರೋ ಇಲ್ಲವೋ. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಅದೇ ವರ್ಷ ಆಗಸ್ಟ್ 1ರಂದು ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. 2001ರಲ್ಲಿ ಆ ಹುದ್ದೆಗೆ ಬಂದ ಚೋಕಿಲಾ ಅಯ್ಯರ್ ನಂತರ ಎರಡನೆಯ ಮಹಿಳೆ. ನಿರುಪಮಾ ವಿದೇಶಾಂಗ ಸೇವೆಗೆ ಸೇರಿದ್ದು 1973ರಲ್ಲಿ, ಅಂದರೆ 18ನೇ ನಿಯಮ ಅಳಿಸಿಹೋದ ವರ್ಷ. ಅವರ ಪತಿ ಸುಧಾಕರ ರಾವ್ ಕರ್ನಾಟಕದ ಐಎಎಸ್ ಅಧಿಕಾರಿ, ರಾಜ್ಯದ ಮುಖ್ಯ ಕಾರ್ಯದರ್ಶಿಯೂ ಆಗಿದ್ದವರು. 2024ರ ಜುಲೈ ಕೊನೆಗೆ ಇದೇ ವಿಧಾನಸೌಧದಲ್ಲಿ ಇನ್ನೊಂದು ನೋಟ ಕಂಡಿತು. ಮುಖ್ಯ ಕಾರ್ಯದರ್ಶಿ ರಜನೀಶ್ ಗೋಯಲ್ ನಿವೃತ್ತರಾಗುತ್ತ ತಮ್ಮ ಕುರ್ಚಿಯನ್ನು ಒಪ್ಪಿಸಿದ್ದು ಪತ್ನಿ ಶಾಲಿನಿ ರಜನೀಶ್ ಅವರಿಗೆ. ಇಬ್ಬರದ್ದೂ ಒಂದೇ ಮನೆ, ಒಂದೇ ಸಂಸಾರ.

ಹಾಗೆಂದು ಆ ಹಳೆಯ ವಾಕ್ಯ ಪೂರ್ತಿ ಮಾಯವಾಗಿದೆ ಎನ್ನುವಂತಿಲ್ಲ. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕ ಮತ್ತು ತುಕಡಿಯ ನಾಯಕತ್ವ ಕೊಡುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ ಕೇಂದ್ರ ಸರ್ಕಾರ ಲಿಖಿತವಾಗಿ ಮುಂದಿಟ್ಟ ಕಾರಣಗಳಲ್ಲಿ ಬಸಿರು, ಬಾಣಂತನ, ಮಕ್ಕಳು, ಸಂಸಾರದ ಹೊಣೆ ಎಲ್ಲ ಇದ್ದವು. ಹಳ್ಳಿಗಾಡಿನಿಂದ ಬಂದ ಜವಾನರು ಹೆಣ್ಣಿನ ಆಜ್ಞೆ ಪಾಲಿಸಲು ಮನಸ್ಸಿನಲ್ಲಿ ಸಿದ್ಧರಾಗಿಲ್ಲ ಎಂಬುದೂ ಸೇರಿತ್ತು. 2020ರ ಫೆಬ್ರುವರಿ 17ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಇನ್ನೂ ಹಳೆಯ ಬಾಕಿಯೊಂದು 2024ರ ಫೆಬ್ರುವರಿಯಲ್ಲಿ ಚುಕ್ತಾ ಆಯಿತು. ಸೇನೆಯ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಸೆಲಿನಾ ಜಾನ್ ಅವರು ಸೇನೆಯ ಅಧಿಕಾರಿಯೊಬ್ಬರನ್ನೇ ಮದುವೆಯಾಗಿದ್ದರು. ಆ ಕಾರಣಕ್ಕೆ 1988ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ಮದುವೆ ಅವರ ಪತಿಯ ನೌಕರಿಗೆ ಅಡ್ಡ ಬರಲಿಲ್ಲ. ಎಲ್ಲ ಸೇವೆಗಳ ನಿಯಮ ಜಾಲಾಡಿ ಎಂದು ಮುತ್ತಮ್ಮನವರ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿ ಆಗಲೇ ಒಂಬತ್ತು ವರ್ಷ ಕಳೆದಿತ್ತು. ಸೆಲಿನಾ ಅವರನ್ನು ಹೊರಗೆ ಕಳಿಸಿದ ಸೇನಾ ಸೂಚನೆ 1977ರದ್ದು. ಅದನ್ನು ಹಿಂತೆಗೆದುಕೊಂಡದ್ದು 1995ರಲ್ಲಿ. ಹೈಕೋರ್ಟ್, ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಎಂದು ಸುತ್ತಿದ ಅವರಿಗೆ 60 ಲಕ್ಷ ರೂಪಾಯಿ ಪರಿಹಾರವನ್ನು ಎಂಟು ವಾರದೊಳಗೆ ಕೊಡಬೇಕು, ತಡವಾದರೆ ಶೇಕಡ 12ರ ಬಡ್ಡಿ ಸೇರಿಸಬೇಕು ಎಂದು ಕೇಂದ್ರ ಸರ್ಕಾರಕ್ಕೆ ಆದೇಶವಾಯಿತು. ಕೆಲಸ ಹೋಗಿ ಆಗ ಮೂವತ್ತಾರು ವರ್ಷವಾಗಿತ್ತು.